ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಭಾರತದಲ್ಲಿ ದುಡಿದ ಬ್ರಿಟಿಷ್ ಭೂವಿಜ್ಞಾನಿ. ‘ಧಾರವಾಡ ಶಿಲಾವ್ಯೂಹ’ಕ್ಕೆ ಆ ಹೆಸರನ್ನಿತ್ತವರು ಇವರೇ. ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿ, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ, 1891ರಲ್ಲಿ ನಿವೃತ್ತರಾದರು.

ಆಗ ದಕ್ಷಿಣ ಮರಾಠಾ ಪ್ರದೇಶವೆಂದು ಕರೆಯಲ್ಪಡುತ್ತಿದ್ದ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳ ಭೂರಚನೆಯನ್ನು ಕುರಿತ ಇವರ ಬೃಹತ್ ವರದಿ 1876ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಲ್ಲಿಯ ಪದರಶಿಲೆಗಳನ್ನು ನೈಸ್ ಶಿಲೆಗಳ ವರ್ಗದಲ್ಲಿಯೇ ಸೇರಿಸಿದ್ದರು. ಬಳ್ಳಾರಿ ಸೀಮೆಯ ಸಮೀಕ್ಷೆಯ ಅನಂತರ ಆ ವರ್ಗೀಕರಣವನ್ನು ತಾವೇ ಕೈಬಿಟ್ಟು, ಅವು ಪ್ರತ್ಯೇಕ ವ್ಯೂಹವೆಂದೂ ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಅವುಗಳಲ್ಲಿಯೇ ಇದೆಯೆಂದೂ 1888ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. ತಮ್ಮ ಮಾತನ್ನು ತಾವೇ ತಿದ್ದಿಕೊಂಡ ಈ ನಿರ್ಣಯವೇ ಅವರ ಭೂವೈಜ್ಞಾನಿಕ ಕಾರ್ಯದಲ್ಲಿ ಹಿರಿದಾದುದು. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿಯೂ ಹೆಚ್ಚಾಗಿ ಈ ವ್ಯೂಹದ ಶಿಲೆಗಳೇ ಇವೆ. ಜೊತೆಯಾಗಿ ಬೆಳೆದ ಖನಿಜಗಳ ಸಂಯೋಜನೆಯಿಂದ ಶಿಲೆ ರೂಪಾಂತರಗೊಂಡ ಉಷ್ಣತೆ, ಒತ್ತಡಗಳನ್ನು ಗಣಿಸುವ ಖನಿಜ ಉಷ್ಣಬಲವಿಜ್ಞಾನವು ಅವರ ಕಾಲಕ್ಕೆ ಇನ್ನೂ ರೂಪುಗೊಂಡಿರಲಿಲ್ಲ. ಕ್ಷೇತ್ರಕಾರ್ಯವನ್ನೇ ಅವರು ನೆಚ್ಚಬೇಕಾಗಿತ್ತು.

ಮದರಾಸಿನ ಬಳಿಯ ಪಲ್ಲಾವರಂನಲ್ಲಿ 30 ಮೇ 1863ರಂದು ಇವರಿಗೆ ದೊರೆತ ಶಿಲಾಯುಧವು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿಯಾಯಿತು. ಸಾಮಾನ್ಯ ಓದುಗರು ಇವರನ್ನು ಬಲ್ಲುದು ಬಹುಶಃ ಇದರಿಂದಲೇ. 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಇವರೇ. ಕಲ್ಕತ್ತೆಯಲ್ಲಿ ನಿಧನರಾದರು.