ಲಿಂಗೈಕ್ಯ ಶ್ರೀ ಚನ್ನಬಸವ ಪಟ್ಟದ್ದೇವರ ವಿದ್ಯಾಕೈಂಕರ್ಯ

ಮಾಂಜರಾ ನದಿಯು ಹರಿಯುವ ಬೀದರ ಸೀಮೆಯು ಕನ್ನಡ, ಮರಾಠಿ, ತೆಲುಗು ನುಡಿಗಳು ಒಂದನ್ನೊಂದು ಕೂಡುವ ಠಾವಾಗಿರುವದು. ಈ ಸೀಮೆಯ ಕಮಲನಗರ ಗ್ರಾಮದಲ್ಲಿ 1890ನೆಯ ಇಸವಿಯಲ್ಲಿ ಜನಿಸಿ, ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಮಲಪ್ರಭಾತೀರದಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ವಿದ್ಯಾಭ್ಯಾಸವನ್ನು ಮಾಡಿ, 1924ರಲ್ಲಿ ಭಾಲ್ಕಿಯ ಹಿರೇಮಠ ಸಂಸ್ಥಾನದ ಪೀಠವನ್ನಲಂಕರಿಸಿದ ಶ್ರೀ ಚನ್ನಬಸವ ಪಟ್ಟದ್ದೇವರ ಚರಿತ್ರವು ಭಕ್ತಜನರಿಗೆ ಅಪರಿಚಿತವಾದುದಲ್ಲ. ಅವರ ಪೂಜಾನಿಷ್ಠೆ, ದಾಸೋಹ, ಸರ್ವಜಾತಿಯವರಲ್ಲಿ ಸಮಭಾವ ಇವುಗಳನ್ನು ಎಲ್ಲರೂ ಕೊಂಡಾಡುವರು. ಆದರೆ ಸರಕಾರದ ಬಾಗಿಲಲ್ಲಿ ನಿಂತು ಮಕ್ಕಳ ವಿದ್ಯೆಗಾಗಿ ಅವರು ಪಟ್ಟ ಶ್ರಮವು ಅಷ್ಟಾಗಿ ಹೇಳಲ್ಪಡುವದಿಲ್ಲ. ಈ ಶ್ರಮವು ಬೆರಗುಗೊಳಿಸುವಂಥದಲ್ಲವಾದುದೇ ಅದಕ್ಕೆ ಕಾರಣವಾಗಿರಬಹುದು.

ಅಂದು ಈ ಪ್ರಾಂತವು ನಿಜಾಮ ಸರಕಾರದ ಅಂಕಿತದಲ್ಲಿದ್ದು, ಜನರ ಬಾಯಲ್ಲಿ ಮೊಗಲಾಯಿ ಎನಿಸಿಕೊಂಡಿತ್ತು. ಮುಂಬಯಿ ಪ್ರಾಂತದ ಕನ್ನಡಿಗರಿಗೆ ಇದ್ದ ಅನುಕೂಲತೆಯು ಇಲ್ಲಿಯವರಿಗೆ ಇರಲಿಲ್ಲ. ಅಲ್ಲಿ ಕಾಯದೆ ಕೌನ್ಸಿಲಿಗೆ ಜನರೇ ಆರಿಸಿ ಕಳಿಸಿದ ಸಭಾಸದರಿದ್ದರು. ಸರ್ ಸಿದ್ದಪ್ಪ ಕಂಬಳಿಯವರಂಥ ಸಮಾಜಬಾಂಧವರು ಶಿಕ್ಷಣ ಮಂತ್ರಿಪದವನ್ನೂ ಏರಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಸಂಸ್ಥೆಯು ಬೇರೂರಿ ಬೆಳೆಯುತ್ತಿತ್ತು. ಹೈದರಾಬಾದಿನಲ್ಲಿಯೂ 1893ರಿಂದ ಒಂದು ಕಾಯದೆ ಕೌನ್ಸಿಲು ಇದ್ದಿತಾದರೂ, ಅದರಲ್ಲಿ ಅಧಿಕಾರಿಗಳೂ ಸರಕಾರವು ನೇಮಿಸಿದವರೂ ತುಂಬಿದ್ದರು. ಕಡೆಯ ಮಾತು ಫರ್ಮಾನಿನದೇ. ಭಾಲ್ಕಿಯ ರೈತನ ಮಗನಿಗಾಗಿ ಆ ಸಭೆಯಲ್ಲಿ ಎದ್ದುನಿಂತು ಮಾತಾಡತಕ್ಕವರು ಯಾರು? ಆದುದರಿಂದ ಕೇಳಬೇಕಾದುದನ್ನು ಕಚೇರಿಗಳಲ್ಲಿಯೇ ಕೇಳಬೇಕಾಗಿದ್ದಿತು.

ಖಾಸಗಿ ಶಾಲೆಯನ್ನು ತೆರೆಯಲು ಸರಕಾರದ ಪರವಾನಗಿಯು ಅಗತ್ಯವಾಗಿದ್ದಿತು. ಇಪ್ಪತ್ತರ ದಶಕದಲ್ಲಿ ಈ ನಿರ್ಬಂಧವು ಬಿಗಿಯಾದ ಮೇಲೆ ರಾಜ್ಯದಲ್ಲಿ ಅನೇಕ ಸಣ್ಣ ಪಾಠಶಾಲೆಗಳು ಮುಚ್ಚಿಹೋದವು. ಅರ್ಜಿಯು ಉರ್ದು ಭಾಷೆಯಲ್ಲಿರಬೇಕು; ಅದನ್ನು ಬರೆಯಬಲ್ಲ ಮುನಶಿಯನ್ನು ಹುಡುಕಬೇಕು; ತಹಶೀಲಕಚೇರಿಯಿಂದ ಬೀದರದ ತಾಲೂಕದಾರರಿಗೆ, ಅಲ್ಲಿಂದ ಗುಲಬರ್ಗಾ ಸುಭೆಗೆ, ಮುಂದೆ ಹೈದರಾಬಾದಿನ ಶಿಕ್ಷಣ ಖಾತೆಗೆ ಕಾಗದವು ಸಾಗಬೇಕು. ಎಲ್ಲಿಯಾದರೂ ಒಂದು ಆಕ್ಷೇಪ ಬಂದರೆ ಅದು ಬಂದ ದಾರಿಯಿಂದಲೇ ಹಿಂದಿರುಗುವದು. ಬೇಡುವವನಿಗೆ ಕಾಯುವದೇ ದಿನಚರಿ. ಸಿಟ್ಟು ಮಾಡಿದರೆ ಕೆಲಸ ಕೆಟ್ಟಿತು, ಬೇಸತ್ತರೆ ಕಾಗದವು ದಫ್ತರದ ಗಂಟಿನಲ್ಲಿ ಮಲಗಿತು.

ಇಂಥ ಕಾಲದಲ್ಲಿ 1936ರಲ್ಲಿ ಶ್ರೀಗಳವರು ತಮ್ಮ ಜನ್ಮಸ್ಥಳವಾದ ಕಮಲನಗರದಲ್ಲಿ ಶಾಂತಿವರ್ಧಕ ವಿದ್ಯಾಲಯವನ್ನು ಸ್ಥಾಪಿಸಿದರು. ಹೊರಗೆ ಉರ್ದು ಶಾಲೆಯೆಂಬ ಹಲಗೆ, ಒಳಗೆ ಕನ್ನಡ ಪಾಠ! ಈ ಸಂಗತಿಯು ಇಂದು ಗಡಿನಾಡಿನಲ್ಲಿ ಮನೆಮಾತಾಗಿದೆ. ಪೀಠಾಧಿಪತಿಗಳು ಹೀಗೆ ಮಾಡಬಹುದೇ ಎಂದು ಕೆಲವರು ಶಂಕಿಸುವದುಂಟು. ಆ ಶಂಕೆಯನ್ನು ತಳ್ಳಿಹಾಕುವದು ಸರಿಯಲ್ಲ. ಸತ್ಯನಿಷ್ಠರಿಗೆ ಅದು ಹಗುರಾದ ಮಾತಾಗಿರಲಾರದು. ಆದರೆ ಆ ಹಲಗೆಯಿಂದ ಯಾವನ ಸ್ವತ್ತೂ ಅಪಹೃತವಾಗಲಿಲ್ಲ, ಯಾವನ ಮತಕ್ಕೂ ನಿಂದೆಯಾಗಲಿಲ್ಲ. ತಾಯಿಯ ನುಡಿಯಲ್ಲಿ ಓದಲು ಕೂಸಿಗೆ ಒಂದು ನೆರಳು ದೊರೆಯಿತು, ಅಷ್ಟೇ. ಮತ್ತು ಉರ್ದು ಭಾಷೆಯನ್ನು ಅವರು ದ್ವೇಷಿಸಿದವರಲ್ಲ. ಆ ಸೀಮೆಯಲ್ಲಿ ವ್ಯವಹರಿಸುವವರಿಗೆ ಅದು ಬೇಕಾದದ್ದೇ. ಮುಂದೆ ಭಾಲ್ಕಿಯಲ್ಲಿಯೂ ವಿದ್ಯಾಸಂಸ್ಥೆಗಳು ತಲೆಯೆತ್ತಿದವು. ಇವುಗಳ ಖರ್ಚಿಗಾಗಿ ಅವರು ಭಕ್ತರ ಮುಂದೆ ಜೋಳಿಗೆಯನ್ನು ಒಡ್ಡಿದರು. ಅಧಿಕಾರಿಯ ಹತ್ತಿರ ಅನುಮತಿ, ಒಕ್ಕಲಿಗನ ಹತ್ತಿರ ಜೋಳ. ಎರಡೂ ಭಿಕ್ಷೆಯೇ ಆಗಿದ್ದು, ಎರಡನೆಯದು ಬೇಗ ದೊರೆಯುತ್ತಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1948ರ ಮೇ ತಿಂಗಳಲ್ಲಿ ನೆರೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರಿಂದ ಘೋರ ಹತ್ಯಾಕಾಂಡವು ನಡೆಯಿತು. ಅದೇ ಸಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಮುಗಿಯಿತು. 1952ರಲ್ಲಿ ಹೈದರಾಬಾದ ರಾಜ್ಯಕ್ಕೆ ಸಾರ್ವತ್ರಿಕ ಮತದಿಂದ ಆರಿಸಿದ ಶಾಸನಸಭೆಯು ಬಂದಿತು. ಇನ್ನು ಬೇಡಿಕೆಯನ್ನು ಹೇಳಿಕೊಳ್ಳಲು ಜನರವನೇ ಆದ ಪ್ರತಿನಿಧಿಯಿದ್ದನು. ಆದರೆ ದೊಡ್ಡ ಕಂಟಕವು ಆಗಲೇ ಎದುರಾಯಿತು. ಫಜಲ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣೆಯ ಆಯೋಗವು 1955ರ ವರದಿಯಲ್ಲಿ ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳ ಕೂಡ ಹೈದರಾಬಾದ ರಾಜ್ಯದಲ್ಲಿಯೇ ಇರಿಸಬೇಕೆಂದು ಶಿಫಾರಸು ಮಾಡಿತು. ಆಯೋಗದ ಮಾತೇ ಕಡೆಯದಾಗಿದ್ದರೆ ಭಾಲ್ಕಿಯು ಇಂದು ಕರ್ನಾಟಕದಲ್ಲಿರುತ್ತಿರಲಿಲ್ಲ. ಶ್ರೀಗಳವರು ಏಕೀಕರಣದ ಪಕ್ಷದಲ್ಲಿ ದೃಢವಾಗಿ ನಿಂತರು. ಸೊಲ್ಲಾಪುರದ ಶ್ರೀಮತಿ ಜಯದೇವಿತಾಯಿ ಲಿಗಾಡೆಯವರೂ ಇದೇ ಕಾರ್ಯಕ್ಕೆ ಬದ್ಧರಾಗಿದ್ದರು. ಕಡೆಗೆ 1956ರಲ್ಲಿ ಸಂಸತ್ತು ಮಾಡಿದ ಕಾಯದೆಯಿಂದ ಜಿಲ್ಲೆಯು ಮೂರು ಪಾಲಾಯಿತು: ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಹಾಗೂ ಜಹೀರಾಬಾದದ ಬಹುಭಾಗ ಆಂಧ್ರಪ್ರದೇಶಕ್ಕೂ ಹೋದವು, ಭಾಲ್ಕಿ, ಔರಾದ, ಬೀದರ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಇದು ಒಬ್ಬರ ಯತ್ನದ ಫಲವೆಂದು ಹೇಳುವದು ಅತ್ಯುಕ್ತಿಯಾದೀತು. ಆದರೂ ಇಪ್ಪತ್ತು ವರ್ಷ ಮೊದಲೇ ಕನ್ನಡ ಅಕ್ಷರವನ್ನು ಕಲಿತ ಮಕ್ಕಳು ಈ ಭಾಗದಲ್ಲಿದ್ದರೆಂಬುದು ಯಾವ ಮನವಿಪತ್ರಕ್ಕಿಂತಲೂ ಬಲವಾದ ಸಾಕ್ಷಿಯಾಗಿದ್ದಿತು.

ರಾಜ್ಯವು ತಮ್ಮದಾದ ಮೇಲೆ ಕೆಲಸವು ಸುಲಭವಾಯಿತೆಂದು ತಿಳಿಯಬಾರದು. ರಾಜಧಾನಿಯಾದ ಬೆಂಗಳೂರು ಭಾಲ್ಕಿಯಿಂದ ಸುಮಾರು 700 ಕಿಲೋಮೀಟರು ದೂರ. ಹಳೆಯ ರಾಜಧಾನಿಯು ಅದಕ್ಕಿಂತ ಬಹಳ ಹತ್ತಿರವಿದ್ದಿತು. ಶಾಸಕರು ಐದು ವರ್ಷಕ್ಕೊಮ್ಮೆ ಬದಲಾಗುವರು, ಮಂತ್ರಿಗಳು ಅದಕ್ಕೂ ಮೊದಲೇ. ಒಬ್ಬರು ಒಪ್ಪಿದ ಮಾತನ್ನು ಮತ್ತೊಬ್ಬರಿಗೆ ಮೊದಲಿನಿಂದ ಹೇಳಬೇಕು. ಬಸವಕಲ್ಯಾಣದಲ್ಲಿ ಅನುಭವ ಮಂಟಪವು ಮತ್ತೆ ಎದ್ದು ನಿಲ್ಲಬೇಕೆಂಬ ಸಂಕಲ್ಪವನ್ನು ಅವರು ದಶಕಗಳವರೆಗೆ ಹೊತ್ತು, ಇಳಿವಯಸ್ಸಿನಲ್ಲಿಯೂ ಧನಸಂಗ್ರಹಕ್ಕಾಗಿ ಊರೂರು ತಿರುಗಿದರು. ಕಟ್ಟಡವು ಸಿದ್ಧವಾದದ್ದನ್ನು ಕಣ್ಣಾರೆ ಕಂಡರು.

ಶ್ರೀ ಬಸವಲಿಂಗ ಪಟ್ಟದ್ದೇವರಿಗೆ ಪೀಠದ ಭಾರವನ್ನು ಒಪ್ಪಿಸಿ, ನೂರೆಂಟು ವರ್ಷಗಳ ತುಂಬುಜೀವನವನ್ನು ನಡೆಸಿ, 1999ರ ಏಪ್ರಿಲ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಅಷ್ಟರಲ್ಲಿ ಕಮಲನಗರದ ಶಾಲೆಯ ಬಾಗಿಲಲ್ಲಿ ಕನ್ನಡದ ಹಲಗೆಯು ಏರಿ ಎಷ್ಟೋ ವರ್ಷಗಳಾಗಿದ್ದವು.