ತಂತಿಯ ಗಾತ್ರವನ್ನು ಗಣಿಸಿದ ವಿಜ್ಞಾನಿ

1824ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದ ವಿಲಿಯಂ ಥಾಮ್ಸನ್, 22ನೆಯ ವಯಸ್ಸಿನಲ್ಲಿಯೇ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸುವ ತಂತಿಯ ತಾಮ್ರದ ಎಳೆ ದಪ್ಪವಾಗಿರಬೇಕೆಂದು ಆತನು ವಾದಿಸಿದನು. ಆ ಮಾತಿಗೆ ಮನ್ನಣೆ ದೊರೆಯಲಿಲ್ಲ. 1858ರಲ್ಲಿ ಹಾಸಿದ ತಂತಿಗೆ ವೈಟ್‌ಹೌಸ್ ಎಂಬಾತನು ಸುಮಾರು 2,000 ವೋಲ್ಟುಗಳ ಒತ್ತಡವನ್ನು ಕೊಟ್ಟನು. ಮೊದಲೇ ದುರ್ಬಲವಾಗಿದ್ದ ಅದು ಕೆಲವೇ ವಾರಗಳಲ್ಲಿ ಮೂಕವಾಯಿತು. 1866ರಲ್ಲಿ ಸುಮಾರು ಮೂರು ಪಟ್ಟು ತಾಮ್ರವುಳ್ಳ ತಂತಿ ಯಶಸ್ವಿಯಾಯಿತು.

ತಂತಿ ತೆಳುವಾದರೆ ವಿದ್ಯುತ್ತು ಶಾಖವಾಗಿ ನಷ್ಟವಾಗುತ್ತದೆ. ದಪ್ಪವಾದರೆ ಬಂಡವಾಳದ ಹೊರೆ ಹೆಚ್ಚುತ್ತದೆ. ಈ ಎರಡರ ವಾರ್ಷಿಕ ವೆಚ್ಚ ಸಮವಾಗುವ ಗಾತ್ರವೇ ಮಿತವ್ಯಯದ್ದೆಂದು 1881ರಲ್ಲಿ ಆತನು ತೋರಿಸಿದನು. ಆದರೆ ಕಾರ್ಖಾನೆಯ ಕೇಬಲ್ಲಿಗೆ ಮಿತವ್ಯಯವೊಂದೇ ಸಾಲದು. ಹೊದಿಕೆ ತಾಳಬಲ್ಲ ಶಾಖವನ್ನು ಮೀರದಿರುವುದೇ ಕ್ಷೇಮ. 1892ರಲ್ಲಿ ಲಾರ್ಡ್ ಕೆಲ್ವಿನ್ ಎನಿಸಿದ ಆತನು 1907ರಲ್ಲಿ ನಿಧನನಾದನು. ಆತನ ನಿಯಮ ಇಂದಿಗೂ ಎಂಜಿನಿಯರರಿಗೆ ದಾರಿ ತೋರುತ್ತಿದೆ.