ಮನೆ ಅಡವಿಟ್ಟು ತಂದ ಕಂಚು: ಪೈಲವಾನ ಖಾಶಾಬಾ ಜಾಧವ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಮಿತಿಯವರು ಈ ಸಲ ಒಂದು ಒಳ್ಳೆಯ ನಿರ್ಧಾರ ಮಾಡಿದ್ದಾರೆ. ಐವತ್ತು ವರ್ಷಗಳಲ್ಲಿ ತಾಲೂಕು ದಾಟಿ ಜಿಲ್ಲೆ, ವಿಭಾಗ, ರಾಜ್ಯ ಮಟ್ಟದಲ್ಲಿ ಆಡಿ ಬಂದ ಹಳೆಯ ವಿದ್ಯಾರ್ಥಿಗಳನ್ನು ಮತ್ತು ಅವರನ್ನು ತಯಾರು ಮಾಡಿದ ದೈಹಿಕ ಶಿಕ್ಷಕರನ್ನು ಒಂದೇ ವೇದಿಕೆಯ ಮೇಲೆ ಸನ್ಮಾನಿಸಲಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಮೊದಲಿಗರಾದವರ ಹೆಸರುಗಳು ಮುಖ್ಯಗುರುಗಳ ಕೋಣೆಯ ಫಲಕದ ಮೇಲೆ ಮೊದಲಿನಿಂದಲೂ ಇವೆ. ಖೋಖೋ, ಕಬಡ್ಡಿ, ಕುಸ್ತಿಯಲ್ಲಿ ಹೆಸರು ತಂದವರಿಗೆ ಅಂಥ ಫಲಕ ಇರಲಿಲ್ಲ. ನನಗೆ ಲೇಖನ ಬರೆಯಲು ಹೇಳಿದಾಗ ಕಂಪ್ಯೂಟರ್ ಕ್ಷೇತ್ರದ ಬಗ್ಗೆ ಬರೆಯಲಿ ಎಂಬುದು ಸಮಿತಿಯ ಹಿರಿಯರ ಅಪೇಕ್ಷೆಯಾಗಿತ್ತು. ಸಾಫ್ಟ್‌ವೇರ್ ಬಗ್ಗೆ ಮಕ್ಕಳಿಗೆ ಹೇಳುವವರು ಬಹಳ ಜನ ಇದ್ದಾರೆ. ಈ ಸಂದರ್ಭಕ್ಕೆ ಪೈಲವಾನ ಖಾಶಾಬಾ ದಾದಾಸಾಹೇಬ ಜಾಧವರ ಜೀವನವೇ ತಕ್ಕದ್ದೆಂದು ಕೇಳಿಕೊಂಡೆ, ಅವರು ಒಪ್ಪಿದರು.

ಜಾಧವರು ನಮ್ಮವರೇ ಎಂದು ಹೇಳಲು ನನಗೆ ಒಂದು ಕಾರಣವಿದೆ. ಅವರ ಊರು ಗೋಳೇಶ್ವರ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕರಾಡದ ಪಕ್ಕದ ಹಳ್ಳಿ. ಕರಾಡದಲ್ಲಿ ಕೊಯ್ನಾ ನದಿ ಕೃಷ್ಣೆಯನ್ನು ಸೇರುತ್ತದೆ. ಅದೇ ಕೃಷ್ಣೆ ಸಾಂಗಲಿ ದಾಟಿ, ಗಡಿ ದಾಟಿ, ಆಲಮಟ್ಟಿಗೆ ಬಂದು, ಮುಂದೆ ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುತ್ತಾಳೆ. ಇನ್ನೊಂದು ಮಾತು. 1952ರಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ವಿಜಾಪುರ ಜಿಲ್ಲೆಯೊಳಗೆ, ಮುಂಬೈ ರಾಜ್ಯದಲ್ಲಿ ಇದ್ದವು. ಜಾಧವರು ಸಹಾಯ ಕೇಳಿ ಹೋದ ಸರ್ಕಾರವೇ ಆಗ ನಮ್ಮ ಅಜ್ಜಂದಿರ ಸರ್ಕಾರವೂ ಆಗಿತ್ತು. ಕುಸ್ತಿಯ ಮಟ್ಟಿಗಂತೂ ಆ ಕಡೆ ಈ ಕಡೆ ಎಂಬ ಗಡಿ ಇವತ್ತಿಗೂ ಇಲ್ಲ. ಜಾತ್ರೆಯ ಪೋಸ್ಟರಿನಲ್ಲಿ ಜಂಗೀ ನಿಕಾಲಿ ಕುಸ್ತಿ ಎಂದು ಅಚ್ಚಾದರೆ ಕೊಲ್ಲಾಪುರ, ಸಾಂಗಲಿಯ ಪೈಲವಾನರು ಬಂದೇ ಬರುತ್ತಾರೆ. ನಮ್ಮ ಕಡೆಯ ಗಟ್ಟಿ ಹುಡುಗರು ಕೊಲ್ಲಾಪುರದ ತಾಲೀಮಿಗೆ ಹೋಗುತ್ತಾರೆ.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು. ತಂದೆ ದಾದಾಸಾಹೇಬರು ಸ್ವತಃ ಹೆಸರಾಂತ ಪೈಲವಾನರು, ಐವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಮನೆಯಲ್ಲೇ ವಸ್ತಾದರಿದ್ದ ಮೇಲೆ ಬೇರೆ ಗುರುವನ್ನು ಹುಡುಕುವ ಅವಶ್ಯಕತೆ ಇರಲಿಲ್ಲ. ಐದನೇ ವರ್ಷಕ್ಕೇ ಮಗನನ್ನು ಕೆಮ್ಮಣ್ಣಿಗೆ ಇಳಿಸಿದರು. ಶಾಲೆ ಕರಾಡದ ತಿಲಕ ಹೈಸ್ಕೂಲು. ಓದುವ ದಿನಗಳಲ್ಲೇ 1942ರ ಚಳವಳಿ ಬಂತು. ಭೂಗತರಾದ ಹೋರಾಟಗಾರರಿಗೆ ಆಶ್ರಯ ಕೊಡುವುದು, ಪತ್ರ ಮುಟ್ಟಿಸುವುದು ಇಂಥ ಕೆಲಸಗಳನ್ನು ಹುಡುಗ ಖಾಶಾಬಾ ಮಾಡಿದರು.

ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜು ಸೇರಿದರು. ಇಲ್ಲಿಂದ ಅವರ ಕಥೆ ನಮ್ಮಂಥ ಶಾಲೆ-ಕಾಲೇಜುಗಳ ಕಥೆಯೂ ಆಗುತ್ತದೆ. ಕುಳ್ಳ ಮೈ, ಸಣ್ಣ ತೂಕ. ಕಾಲೇಜಿನ ವಾರ್ಷಿಕ ಕ್ರೀಡೆಯಲ್ಲಿ ಕುಸ್ತಿಗೆ ಹೆಸರು ಕೊಡಲು ಹೋದರೆ ಕ್ರೀಡಾ ಶಿಕ್ಷಕರು ಇವರ ಮೈಕಟ್ಟು ನೋಡಿಯೇ ಬೇಡವೆಂದರು. ಹುಡುಗ ನೇರವಾಗಿ ಪ್ರಿನ್ಸಿಪಾಲ ಖರ್ಡೇಕರರ ಬಳಿ ಹೋಗಿ ಒಂದು ಅವಕಾಶ ಕೇಳಿದ. ಅವರು ಒಪ್ಪಿದರು. ಆಮೇಲೆ ಕಣದಲ್ಲಿ ತನಗಿಂತ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ಚಿತ್ ಮಾಡಿದ. ಎದುರಾಳಿಯ ಕತ್ತು ತೋಳುಗಳನ್ನು ಹಿಡಿದು ಸೊಂಟದ ಮೇಲಿಂದ ಎತ್ತಿ ಒಗೆಯುವ ಢಾಕ್ ಪಟ್ಟು ಅವರಿಗೆ ಬಹಳ ಚೆನ್ನಾಗಿ ಕೈವಶವಾಗಿತ್ತು. ತೂಕಕ್ಕಿಂತ ಚುರುಕಿನಿಂದ ಗೆಲ್ಲುವವರ ಪಟ್ಟು ಅದು.

1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಲಾಪುರದ ಮಹಾರಾಜರು ಪ್ರವಾಸದ ಖರ್ಚು ಕೊಟ್ಟರು. ಅಲ್ಲಿಗೆ ಹೋದ ಮೇಲೆ ಗೊತ್ತಾದದ್ದು, ಆಟ ಒಂದೇ ಆದರೂ ಕಣ ಬೇರೆ ಎಂಬುದು. ನಮ್ಮ ಕುಸ್ತಿ ಮಣ್ಣಿನದು. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಮಣ್ಣು ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಬೆನ್ನು ನೆಲಕ್ಕೆ ಹತ್ತುವ ತನಕ ಕುಸ್ತಿ ನಡೆಯುತ್ತದೆ, ಗಡಿಯಾರಕ್ಕೆ ಕೆಲಸವಿಲ್ಲ. ಅಲ್ಲಿ ಮ್ಯಾಟು, ನಿಮಿಷದ ಲೆಕ್ಕ, ತೀರ್ಪುಗಾರರ ಎಣಿಕೆ. ನಮ್ಮ ವೃತ್ತಿಯಲ್ಲಿ, ತನ್ನ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡಿದ ಪ್ರೋಗ್ರಾಮು ಗ್ರಾಹಕರ ಸರ್ವರಿನ ಮೇಲೆ ಮುಗ್ಗರಿಸಿದಾಗ ಆಗುವ ಸಂಕಟ ಇಂಥದೇ. ಆದರೂ ಜಾಧವರು ಮುಗ್ಗರಿಸಲಿಲ್ಲ. ಫ್ಲೈವೇಟ್ ವಿಭಾಗದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ಮಲ್ಲರನ್ನು ಸೋಲಿಸಿ, ಇರಾನಿನ ಮಲ್ಲನಿಗೆ ಸೋತು, ಆರನೆಯವರಾದರು. ಆಗ ಅವರಿಗೆ ಅಲ್ಲಿ ಕಲಿಸಿದವರು ಅಮೆರಿಕದ ಮಾಜಿ ಚಾಂಪಿಯನ್ ರೀಸ್ ಗಾರ್ಡ್ನರ್. ಆ ಕೆಲವು ದಿನಗಳ ಪಾಠವನ್ನು ಹೊತ್ತು ಊರಿಗೆ ಬಂದು ನಾಲ್ಕು ವರ್ಷ ಬೆವರು ಸುರಿಸಿದರು.

1952ರ ಹೆಲ್ಸಿಂಕಿಗೆ ಆಯ್ಕೆ ನಡೆದಾಗ ಮೊದಲು ಅವರ ಹೆಸರು ಬಿಟ್ಟುಹೋಯಿತು. ಮದ್ರಾಸಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ತನಗೆ ಬರಬೇಕಾದ ಅಂಕ ಬರಲಿಲ್ಲವೆಂದು ಜಾಧವರು ಪಟಿಯಾಲದ ಮಹಾರಾಜರಿಗೆ ದೂರು ಕೊಟ್ಟರು. ಮಹಾರಾಜರು ಮತ್ತೊಂದು ಸೆಣಸಾಟ ಏರ್ಪಡಿಸಿದರು. ಅದರಲ್ಲಿ ನಿರಂಜನ ದಾಸರನ್ನು ಸೋಲಿಸಿ ಜಾಧವರು ತಂಡದಲ್ಲಿ ಸ್ಥಾನ ಪಡೆದರು.

ಸ್ಥಾನ ಸಿಕ್ಕಿತು, ಟಿಕೆಟ್ಟಿಗೆ ಹಣವಿಲ್ಲ. ಒಲಿಂಪಿಕ್ಸಿಗೆ ಆಯ್ಕೆಯಾದವರು ತಮ್ಮ ಖರ್ಚು ತಾವೇ ಹೊಂದಿಸಿಕೊಳ್ಳಬೇಕಾಗಿದ್ದ ಕಾಲ ಅದು. ಮುಂಬೈ ಸರ್ಕಾರದ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರೂ ಬೇಕಾದಷ್ಟು ಸಿಗಲಿಲ್ಲ. ಗೋಳೇಶ್ವರದ ರೈತರು, ಸುತ್ತಲಿನ ಅಂಗಡಿಯವರು ಕೈಲಾದದ್ದು ಕೊಟ್ಟರು. ಅಷ್ಟಾದರೂ ಸಾಲಲಿಲ್ಲ. ಆಗ ಪ್ರಿನ್ಸಿಪಾಲ ಖರ್ಡೇಕರರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಆ ಕಾಲದ ಏಳು ಸಾವಿರ! ಹುಡುಗ ಕಾಲೇಜು ಬಿಟ್ಟಾಗಿತ್ತು, ಕಾಲೇಜಿನ ಲೆಕ್ಕಪತ್ರದಲ್ಲಿ ಅವನಿಗಾಗಿ ಒಂದು ಪೈ ಖರ್ಚು ಹಾಕಲು ಬರುವಂತಿರಲಿಲ್ಲ. ಗೆದ್ದು ಬರುತ್ತಾನೆಂಬ ಭರವಸೆಗೆ ಯಾವ ಕಾಗದವೂ ಇರಲಿಲ್ಲ. ಮಾಸ್ತರೊಬ್ಬರು ಹೆಂಡತಿ ಮಕ್ಕಳ ತಲೆಯ ಮೇಲಿನ ಸೂರನ್ನು ಶಿಷ್ಯನಿಗಾಗಿ ಪಣಕ್ಕಿಡುವುದೆಂದರೆ ಏನೆಂದು ಮನೆಸಾಲದ ಕಂತು ಕಟ್ಟುವ ನಾನು ಆಗಾಗ ಯೋಚಿಸುತ್ತೇನೆ. ನನ್ನಿಂದ ಆಗಲಿಕ್ಕಿಲ್ಲ.

ಹೆಲ್ಸಿಂಕಿಯಲ್ಲಿ ಜಾಧವರು 57 ಕಿಲೋ ತೂಕದ ಬ್ಯಾಂಟಮ್‌ವೇಟ್ ವಿಭಾಗದಲ್ಲಿದ್ದರು. ಕೆನಡಾ, ಮೆಕ್ಸಿಕೋ, ಜರ್ಮನಿ ಮೂರೂ ದೇಶದವರನ್ನು ಮಣಿಸಿದರು. ನಂತರ ಜಪಾನಿನ ಶೋಹಾಚಿ ಇಶಿಯೊಂದಿಗೆ ದೀರ್ಘ ಕುಸ್ತಿ ನಡೆದು ಸೋಲಾಯಿತು. ಮೈ ಆರುವ ಮೊದಲೇ ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೋವ್ ಎದುರು ಇಳಿಯಲು ಕರೆ ಬಂತು. ಎರಡು ಕುಸ್ತಿಗಳ ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂದು ನಿಯಮವಿತ್ತು. ಅದನ್ನು ಎತ್ತಿ ಹೇಳಲು ಭಾರತ ತಂಡದ ಅಧಿಕಾರಿ ಒಬ್ಬರೂ ಹತ್ತಿರದಲ್ಲಿರಲಿಲ್ಲ. ದಣಿದ ಮೈಯಲ್ಲೇ ಇಳಿದು ಸೋತರು. ಇಶಿಗೆ ಚಿನ್ನ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, ಜಾಧವರಿಗೆ ಕಂಚು. 1952ರ ಜುಲೈ 23. ಸ್ವತಂತ್ರ ಭಾರತದ ವ್ಯಕ್ತಿಯೊಬ್ಬ ಏಕಾಂಗಿಯಾಗಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ 1996ರಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಬರುವವರೆಗೆ 44 ವರ್ಷ ಕಾಯಬೇಕಾಯಿತು. ಆ ಅರ್ಧ ತಾಸು ಸಿಕ್ಕಿದ್ದರೆ ಪದಕದ ಬಣ್ಣ ಬೇರೆಯಾಗುತ್ತಿತ್ತೇ? ಆಗುತ್ತಿತ್ತೆಂದೇ ನನ್ನ ನಂಬಿಕೆ. ಆಟಗಾರನ ಜೊತೆಗೆ ನಿಯಮ ತಿಳಿದ, ಅವನ ಪರವಾಗಿ ಮಾತಾಡುವ ಒಬ್ಬ ಗುರು ಇರಬೇಕು ಎನ್ನುವುದು ಇದಕ್ಕೇ.

ಊರಿಗೆ ಮರಳಿದಾಗ ಜನ ಮಾಡಿದ ಸನ್ಮಾನ ಇಂದಿಗೂ ಆ ಭಾಗದಲ್ಲಿ ಕಥೆಯಂತೆ ಹೇಳಲ್ಪಡುತ್ತದೆ. ಕರಾಡ ರೈಲು ನಿಲ್ದಾಣಕ್ಕೆ ನೂರಕ್ಕೂ ಹೆಚ್ಚು ಎತ್ತಿನ ಗಾಡಿ ಸಿಂಗರಿಸಿಕೊಂಡು ಬಂದವು. ಹದಿನೈದು ನಿಮಿಷದ ದಾರಿ ಸಾಗಲು ಏಳು ತಾಸು ಹಿಡಿಯಿತು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಮೇಲಿನ ಕೆಲಸ. ಜಾಧವರು ಕೊಲ್ಲಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು ಗೆದ್ದು, ಬಂದ ಹಣದಿಂದ ಖರ್ಡೇಕರರ ಮನೆಯನ್ನು ಅಡವಿನಿಂದ ಬಿಡಿಸಿಕೊಟ್ಟರು.

1955ರಲ್ಲಿ ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಮೊಣಕಾಲಿನ ಪೆಟ್ಟು 1956ರ ಮೆಲ್ಬರ್ನ್ ಆಸೆಯನ್ನು ಮುಗಿಸಿತು. ಇಲಾಖೆಯ ಕುಸ್ತಿಗಳಲ್ಲಿ ಗೆಲ್ಲುತ್ತ, ಕಿರಿಯರಿಗೆ ಕಲಿಸುತ್ತ ಇಪ್ಪತ್ತೇಳು ವರ್ಷ ಸೇವೆ ಮಾಡಿದರು. ಬಡ್ತಿ ಬಹಳ ತಡವಾಗಿ ಬಂತು. ಅಸಿಸ್ಟಂಟ್ ಕಮಿಷನರ್ ಆಗಿ ನಿವೃತ್ತರಾದ ಮೇಲೆ ಪಿಂಚಣಿಗೂ ಅಲೆದಾಡಬೇಕಾಯಿತು. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿ ಹಿಡಿದು ಓಡಿದವರಲ್ಲಿ ಅವರಿದ್ದರು. ಅವರು ಬದುಕಿರುವಾಗ ದೇಶ ಕೊಟ್ಟ ಗೌರವವೆಂದರೆ ಹೆಚ್ಚುಕಡಿಮೆ ಅಷ್ಟೇ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಹದಿನಾರು ವರ್ಷಗಳ ನಂತರ. 2010ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಕುಸ್ತಿ ಭವನಕ್ಕೆ ಅವರ ಹೆಸರಿಟ್ಟರು. ಪದ್ಮ ಪ್ರಶಸ್ತಿ ಮಾತ್ರ ಅವರು ಬದುಕಿರುವವರೆಗೂ ಬರಲಿಲ್ಲ. 2023ರ ಜನವರಿ 15ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಬೆಂಗಳೂರಿನ ನನ್ನ ಆಫೀಸಿನ ಗೆಳೆಯರು ಯಾರಿವರು ಎಂದು ಕೇಳಿಕೊಂಡದ್ದು ಆವತ್ತೇ.

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನೂ ಇಲ್ಲಿ ನೆನೆಯಬೇಕು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಆ ವರ್ಷದ ದಾರಿ ಬೇರೆಲ್ಲ ಒಲಿಂಪಿಕ್ಸಿಗಿಂತ ಉದ್ದ, 42.75 ಕಿಲೋಮೀಟರ್. ಅವರ ಸಮಯ 2 ತಾಸು 50 ನಿಮಿಷ 45 ಸೆಕೆಂಡು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕು ನಿಮಿಷ ಬೀಳುತ್ತದೆ. ಬೆಳಗಿನ ಜಾಗಿಂಗಿಗೆ ಹೋಗುವ ನನ್ನಂಥವರು ಆ ವೇಗದಲ್ಲಿ ಒಂದು ಕಿಲೋಮೀಟರ್ ಓಡಿ ನೋಡಬೇಕು. ಅವರ ಬಗ್ಗೆ ಬೇರೆ ಲೇಖನವೇ ಬೇಕು.

ನಮ್ಮ ಶಾಲೆಗೆ ಬರೋಣ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಹುಡುಗಿಯರ ಖೋಖೋ ತಂಡ ಬಾಗಲಕೋಟೆಯಲ್ಲಿ ಗೆದ್ದು ಬೆಳಗಾವಿಯ ವಿಭಾಗ ಮಟ್ಟಕ್ಕೆ ಹೋಯಿತು. ತಂಡದ ಅರ್ಧ ಹುಡುಗಿಯರು ಇಳಕಲ್ಲಿನ ಮಗ್ಗದ ಮನೆಯವರು. ಎರಡು ದಿನ ಕಂಡಿಕೆ ಸುತ್ತುವ ಕೈ ಇಲ್ಲದಿದ್ದರೆ ಆ ವಾರದ ಸೀರೆ ನಿಲ್ಲುತ್ತದೆ. ಪಿ.ಟಿ. ಸರ್ ಸಂಜೆ ಸೈಕಲ್ ಹತ್ತಿ ಒಂದೊಂದೇ ಮನೆಗೆ ಹೋಗಿ ಅಪ್ಪ ಅವ್ವನನ್ನು ಒಪ್ಪಿಸಿದರು. ಬೂಟು ಇಲ್ಲದ ಮೂವರಿಗೆ ತಮ್ಮ ಪಗಾರದಿಂದಲೇ ಬೂಟು ಕೊಡಿಸಿದರು. ತಂಡ ಎರಡನೇ ಸುತ್ತಿನಲ್ಲಿ ಸೋತು ಬಂತು. ಸೋತ ತಂಡವೆಂದು ಆ ವರ್ಷದ ವರದಿಯಲ್ಲಿ ಒಂದು ಸಾಲೂ ಬರಲಿಲ್ಲ.

ಈಗ ಸಮಿತಿ ವರಾಂಡದಲ್ಲಿ ಹಾಕಿಸುತ್ತಿರುವ ಫಲಕವನ್ನು ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಕೆತ್ತಿಸುವುದೆಂದು ನಿಶ್ಚಯವಾಗಿದೆ. ಆಟಗಾರರ ಹೆಸರಿನ ಎದುರು ಅವರಿಗೆ ಕಲಿಸಿದ ಶಿಕ್ಷಕರ ಹೆಸರೂ ಬರುತ್ತದೆ. ಸೋತು ಬಂದ ತಂಡಗಳನ್ನೂ ಬಿಡಬಾರದೆಂದು ನಾನು ಕೇಳಿದ್ದೇನೆ, ಹಿರಿಯರು ಒಪ್ಪಿದ್ದಾರೆ. ಶಾಲೆಯ ಹಳೆಯ ದಾಖಲೆಗಳಲ್ಲಿ ಎಷ್ಟೋ ಹಾಳೆಗಳನ್ನು ಗೆದ್ದಲು ತಿಂದಿದೆ. ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ ಪ್ರಮಾಣಪತ್ರ, ತಂಡದ ಫೋಟೋ ಇದ್ದರೆ ದಯವಿಟ್ಟು ಶಾಲೆಯ ಕಚೇರಿಗೆ ತಲುಪಿಸಿ. ಕಲ್ಲಿನ ಕೆಳಭಾಗದಲ್ಲಿ ಜಾಗ ಬಿಡಿಸಿದ್ದೇವೆ.